ಮೂರನೇ ತಂತಿ

ಅಡುಗೆಮನೆಯಲ್ಲಿ ಏನೋ ಸುಡುವ ವಾಸನೆ ಬರುತ್ತಿದೆ ಎಂದು ಮೊದಲು ಹೇಳಿದ್ದು ಅತ್ತೆ. ಹೇಳಿದ್ದು ಅತ್ತೆ ಆದ್ದರಿಂದಲೇ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಮನೆಯಲ್ಲಿ ಅವರ ಮಾತಿಗೆ ಅಷ್ಟೇ ಬೆಲೆ. ಹದಿನಾರು ವರ್ಷದಿಂದ ಅವರು ನರದ ಮಾತ್ರೆ ನುಂಗುತ್ತಿದ್ದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು. ನುಂಗಿದ ಅರ್ಧ ಗಂಟೆಗೆ ಕಣ್ಣು ಎಳೆಯುತ್ತಿತ್ತು. ಮಾತಾಡುತ್ತಾ ಆಡುತ್ತಾ ಎಲ್ಲಿದ್ದೆ ಎಂದು ತಡಕಾಡುತ್ತಿದ್ದರು. ಅವರಿಗೆ ಬಿಸಿ ಅನ್ನಿಸಿದ್ದು ತಣ್ಣಗೆ ಇರಬಹುದು, ಕೇಳಿಸಿದೆ ಅಂದದ್ದು ಯಾರಿಗೂ ಕೇಳಿಸಿರಲಿಕ್ಕಿಲ್ಲ ಎಂದು ಮನೆಯವರೆಲ್ಲ ಒಪ್ಪಿಕೊಂಡುಬಿಟ್ಟಿದ್ದರು. ಆಯ್ತಮ್ಮ, ನೋಡೋಣ ಎಂದು ಮಗ ಬೂಟಿನ ಲೇಸು ಕಟ್ಟಿ ಕೆಲಸಕ್ಕೆ ಹೊರಟ. ಮಾವ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ನಾಲ್ಕನೇ ದಿನ ಸೊಸೆ ಕರೆಂಟ್ ಒಲೆಯ ಪ್ಲಗ್ ಕಿತ್ತಾಗ ಅದರ ಒಂದು ಕಾಲು ಕಪ್ಪಾಗಿತ್ತು. ಗೋಡೆಯ ಸಾಕೆಟ್ಟಿನ ಬಲಗಡೆಯ ತೂತು ಕರಗಿ ಬಾಯಿ ಸೊಟ್ಟ ಮಾಡಿಕೊಂಡಿತ್ತು. ಸುತ್ತಲಿನ ಬಿಳಿ ಪ್ಲಾಸ್ಟಿಕ್ ಬ್ರೆಡ್ಡಿನ ಅಂಚಿನ ಹಾಗೆ ಕಂದುಬಣ್ಣಕ್ಕೆ ತಿರುಗಿತ್ತು. ಅವಳು ಬೇಕರಿ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯವಳು. ಒಂಬತ್ತು ವರ್ಷದಿಂದ ದಿನಕ್ಕೆ ಸಾವಿರಾರು ಬ್ರೆಡ್ಡುಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಆ ಬಣ್ಣಕ್ಕೆ ಎಷ್ಟು ಬಿಸಿ ಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾವನನ್ನು ಕರೆದು ತೋರಿಸಿದಳು. ಯಾರಾದರೂ ವೈರ್‌ಮನ್ ಕರೆಸೋಣ ಎಂದಳು. ಅದೊಂದು ಮಾತು ಆಡಬಾರದಿತ್ತು.

ಮಾವ ನಲವತ್ತು ವರ್ಷ ವೈರಿಂಗ್ ಕೆಲಸ ಮಾಡಿದವರು. ಬೀದಿಯಲ್ಲಿ ಅವರ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರ ಬಾಯಲ್ಲೂ ‘ಕರೆಂಟ್ ಯಜಮಾನ್ರು’. ಊರಿನ ಅರ್ಧ ಮನೆಗಳ ಗೋಡೆಯೊಳಗೆ ಅವರ ಕೈ ಆಡಿತ್ತು. ಮೂರು ವರ್ಷದಿಂದ ಆ ಕೈ ನಡುಗುತ್ತಿತ್ತು. ಅವರ ಲೋಟಕ್ಕೆ ಚಹಾ ಅರ್ಧಕ್ಕಿಂತ ಮೇಲೆ ಹಾಕಬಾರದು ಎಂಬುದು ಯಾರೂ ಬಾಯಿಬಿಟ್ಟು ಆಡದ ನಿಯಮವಾಗಿತ್ತು. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದು ಹಾಗೇ ಇತ್ತು.

“ನನ್ನ ಮನೆಗೆ ಇನ್ನೊಬ್ಬ ವೈರ್‌ಮನ್ ಬಂದು ಪ್ಲಗ್ ಹಾಕಿ ಹೋದ ಅಂದರೆ ನಾನು ಬೀದೀಲಿ ಹೇಗೆ ತಲೆ ಎತ್ತಿ ನಡೀಲಿ?” ಎಂದರು. “ಭಾನುವಾರ ನಾನೇ ಹಾಕ್ತೀನಿ. ಇಪ್ಪತ್ತು ನಿಮಿಷದ ಕೆಲಸ.”

ಭಾನುವಾರ ಮಗ ಹೊಸ ಸಾಕೆಟ್ ತಂದ. ಇದು ಚಿಕ್ಕದು, ಒಲೆಯ ಭಾರ ಹೊರಲ್ಲ ಎಂದು ವಾಪಸ್ ಕಳಿಸಿದರು. ದೊಡ್ಡದು ತಂದ. ಮೇನ್ ಆಫ್ ಮಾಡಿಸಿ, ಮಣೆ ಹಾಕಿಸಿಕೊಂಡು, ಗೋಡೆಯ ಮುಂದೆ ಕೂತರು. ಸ್ಕ್ರೂ ಡ್ರೈವರಿನ ತುದಿ ಸ್ಕ್ರೂವಿನ ಗೀರಿಗೆ ಸಿಗಲೊಲ್ಲದು. ಸಿಕ್ಕರೆ ಜಾರುತ್ತದೆ. ಜಾರಿ ಗೋಡೆಯ ಸುಣ್ಣ ಕೆರೆಯುತ್ತದೆ. ಅರ್ಧ ಗಂಟೆಯಾದರೂ ಎರಡರಲ್ಲಿ ಒಂದು ಸ್ಕ್ರೂ ಕೂಡ ಈಚೆ ಬರಲಿಲ್ಲ. ಈಗಿನ ಸ್ಕ್ರೂ ಡ್ರೈವರ್‌ಗಳಿಗೆ ಮೂತಿಯೇ ಇಲ್ಲ ಎಂದರು. ಆಮೇಲೆ ಕನ್ನಡಕದ ಮೇಲೆ ಸಿಟ್ಟು ತಿರುಗಿತು. ಮಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ, ಅವನೇ ತಂದುಕೊಟ್ಟ ಕನ್ನಡಕ.

“ಊರಿಗೆಲ್ಲ ಕಣ್ಣು ಮಾರ್ತೀಯ, ಅಪ್ಪನಿಗೆ ಮಾತ್ರ ಗಾಜಿನ ಚೂರು.”

“ಬಿಟ್ಟುಬಿಡಪ್ಪ. ಯಾರನ್ನಾದರೂ ಕರೆಸ್ತೀನಿ.”

“ಕರೆಸು. ನಾನು ಹೋದ ಮೇಲೆ ಕರೆಸು.”

“ಅದು ಹೊತ್ತಿಕೊಂಡರೆ ಎಲ್ಲರೂ ಒಟ್ಟಿಗೇ ಹೋಗ್ತೀವಿ. ಕರೆಸೋಕೆ ಯಾರೂ ಉಳಿಯಲ್ಲ.”

“ನಾಲಿಗೆ ಚೆನ್ನಾಗಿ ತಿರುಗುತ್ತೆ. ಕೈಗೆ ಒಂದು ಸ್ಕ್ರೂ ತಿರುಗಿಸೋಕೆ ಬರಲ್ಲ.”

ಮಗನಿಗೆ ಬರುತ್ತಿರಲಿಲ್ಲ, ನಿಜ. ಹತ್ತು ವರ್ಷದವನಿದ್ದಾಗ ಟಾರ್ಚ್ ಹಿಡಿಯಲು ಕರೆದು, ಬೆಳಕು ಅಲುಗಿತೆಂದು ಅಪ್ಪ ತಲೆಗೆ ಬಿಟ್ಟಿದ್ದರು. ಅವತ್ತಿನಿಂದ ಅವನು ಬಲ್ಬ್ ಬದಲಿಸಲೂ ಹೆಂಡತಿಯನ್ನೇ ಕರೆಯುತ್ತಿದ್ದ. ಈಗ ಎದ್ದು ಹೊರಗೆ ಹೋದ. ಮಾವ ಮಣೆಯಿಂದ ಏಳಲು ಎರಡು ಸಲ ಪ್ರಯತ್ನಿಸಿ, ಮೂರನೇ ಸಲ ಸೊಸೆಯ ಭುಜ ಹಿಡಿದು ಎದ್ದರು.

ಅಲ್ಲಿಂದ ಮೂರು ವಾರ ಆ ಮನೆಯ ಅಡುಗೆ ಉದ್ದನೆಯ ವೈರಿನ ಮೇಲೆ ನಡೆಯಿತು. ಹಜಾರದ ಪ್ಲಗ್ಗಿನಿಂದ ಎಕ್ಸ್‌ಟೆನ್ಷನ್ ಎಳೆದು ಹೊಸ್ತಿಲು ದಾಟಿಸಿ ಅಡುಗೆಮನೆಗೆ ತಂದಿದ್ದರು. ಅಡುಗೆಮನೆಯ ಸಾಲನ್ನೇ ಬಿಟ್ಟು ಒಲೆ, ಫ್ರಿಜ್ ಎರಡಕ್ಕೂ ಅದೊಂದೇ. ಒಲೆ ಹಚ್ಚಬೇಕಾದರೆ ಫ್ರಿಜ್ಜಿನ ಪ್ಲಗ್ ಕೀಳಬೇಕು, ಅಡುಗೆ ಮುಗಿದ ಮೇಲೆ ಫ್ರಿಜ್ ಮತ್ತೆ ಹಾಕಬೇಕು. ಮರೆತರೆ ಹಾಲು ಒಡೆಯುತ್ತಿತ್ತು. ಸೊಸೆ ಬೆಳಿಗ್ಗೆ ಐದಕ್ಕೇ ಪಾಳಿಗೆ ಹೋಗುವವಳು; ಅವಳು ಹೋದ ಮೇಲೆ ಫ್ರಿಜ್ ಹಾಕಲು ಮರೆತವರು ಯಾರೆಂದು ದಿನಾ ಒಂದು ಪಂಚಾಯಿತಿ. ಮಾವ ಅತ್ತೆಯನ್ನು ತೋರಿಸುತ್ತಿದ್ದರು, ಅತ್ತೆ ನನಗೆ ನೆನಪಿಲ್ಲ ಎನ್ನುತ್ತಿದ್ದರು, ನೆನಪಿಲ್ಲ ಎಂದದ್ದೇ ತೀರ್ಪಾಗುತ್ತಿತ್ತು. ಮಗ ಎರಡು ಸಲ ವೈರಿಗೆ ಕಾಲು ಸಿಕ್ಕಿಸಿಕೊಂಡ. ಒಂದು ದಿನ ಅನ್ನ ಅರ್ಧ ಬೆಂದಿದ್ದಾಗಲೇ ಪ್ಲಗ್ ಕಳಚಿದ್ದನ್ನು ಯಾರೂ ನೋಡದೆ, ಎಲ್ಲರೂ ಬ್ರೆಡ್ಡು ಮೊಟ್ಟೆ ತಿಂದು ಮಲಗಿದರು.

ಒಮ್ಮೆ ರಾತ್ರಿ ಊಟಕ್ಕೆ ಕೂತಾಗ ಅತ್ತೆ, “ಈಗ ಫ್ರಿಜ್ ಕಚ್ಚಲ್ಲ,” ಎಂದರು.

ಮಗ ನಕ್ಕ. “ಮೊದಲು ಕಚ್ಚುತ್ತಿತ್ತಾಮ್ಮ?”

“ಕಚ್ಚುತ್ತಿತ್ತು. ಹಜಾರದ ಪ್ಲಗ್ಗಿಗೆ ಹಾಕಿದ ಮೇಲೆ ಸುಮ್ಮನಿದೆ.”

“ಮಾತ್ರೆ ತಗೊಂಡ್ಯಾ ಇವತ್ತು?” ಎಂದು ಮಾವ ಕೇಳಿದರು. ಕೇಳುವಾಗ ಅವರ ಕಣ್ಣು ತಟ್ಟೆಯ ಮೇಲಿತ್ತು. ಆಗ ಸೊಸೆಗೆ ಅದರ ಅರ್ಥ ಗೊತ್ತಾಗಲಿಲ್ಲ. ಆಲೂಗಡ್ಡೆ ಇನ್ನೊಂದು ಚೂರು ಬೇಕಾ ಎಂದು ಗಂಡನನ್ನು ಕೇಳಿ ಮಾತು ಬದಲಿಸಿದಳು.

ಈ ಕಚ್ಚುವ ಮಾತು ಹಳೆಯದು. ಅವಳು ಮದುವೆಯಾಗಿ ಬರುವುದಕ್ಕೂ ಮೊದಲಿನದು. ಅತ್ತೆ ಆಗ ಹೊಲಿಯುತ್ತಿದ್ದರು. ಅಡುಗೆಮನೆಯ ಕಿಟಕಿಯ ಬೆಳಕಿಗೆ ಮೋಟರ್ ಇಟ್ಟ ಹೊಲಿಗೆ ಮಷೀನ್ ಹಾಕಿಕೊಂಡು ಶಾಲೆಯ ಸಮವಸ್ತ್ರ, ಪರದೆ, ಕೋಟು ಎಲ್ಲ ಹೊಲಿದು ಕೊಡುತ್ತಿದ್ದರಂತೆ. ಒಂದು ದಿನ ಮಷೀನಿನ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದರು. ಆಮೇಲೆ ಫ್ರಿಜ್ ಕಚ್ಚುತ್ತದೆ, ಇಸ್ತ್ರಿ ಪೆಟ್ಟಿಗೆ ಕಚ್ಚುತ್ತದೆ ಎಂದರು. ಇಷ್ಟು ವರ್ಷ ಕರೆಂಟಿನ ಜೊತೆ ಸಂಸಾರ ಮಾಡಿದವನಿಗೆ ನೀನು ಹೇಳಿಕೊಡ್ತೀಯಾ ಎಂದು ಮಾವ ರೇಗಿದರು. ಅತ್ತೆಯ ಅಕ್ಕನಿಗೆ, ತಮ್ಮನಿಗೆ, ನೆರೆಯವರಿಗೆಲ್ಲ ಹೋಗಿ ಹೇಳಿದರು, ‘ಇವಳಿಗೆ ನರದ ತೊಂದರೆ ಶುರುವಾಗಿದೆ, ಮುಟ್ಟಿದ್ದೆಲ್ಲ ಕಚ್ಚುತ್ತೆ ಅಂತಾಳೆ.’ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮಾತ್ರೆ ಬಂತು. ಮಾತ್ರೆಯ ಮಂಪರಿನಲ್ಲಿ ಸೂಜಿಗೆ ಬೆರಳು ಕೊಟ್ಟು, ಅಳತೆ ತಪ್ಪಿಸಿ, ಗಿರಾಕಿಗಳು ಒಬ್ಬೊಬ್ಬರೇ ಬಿಟ್ಟು, ಕೊನೆಗೆ ಮಷೀನನ್ನೇ ಯಾರಿಗೋ ಕೊಟ್ಟರು. ಮದುವೆಯಾದ ಹೊಸದರಲ್ಲಿ ಸೊಸೆಗೆ ಗಂಡ ಇದನ್ನೆಲ್ಲ ಮೆಲ್ಲಗೆ ಹೇಳಿ, ಅಮ್ಮ ಏನಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಿದ್ದ.

ಮೂರನೇ ವಾರ ಹಾಲು ಮತ್ತೆ ಒಡೆದಾಗ ಸೊಸೆ ಮಾವನ ಮುಂದೆ ನಿಂತಳು. “ಮಾವ, ಹೊರಗಿನವರು ಬೇಡ. ನೀವು ಹೇಳಿ, ನಾನು ಮಾಡ್ತೀನಿ. ಕೈ ನನ್ನದು, ಕೆಲಸ ನಿಮ್ಮದು.”

ಎರಡು ದಿನ ಕಳೆಯಿತು. ಗುರುವಾರ ಅವಳು ಪಾಳಿ ಮುಗಿಸಿ ಮೂರು ಗಂಟೆಗೆ ಬಂದಾಗ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಹಳೆಯ ಚರ್ಮದ ಕೈಚೀಲ ಬಾಯಿ ತೆರೆದಿತ್ತು. ಅತ್ತೆ ಒಳಗಡೆ ಮಧ್ಯಾಹ್ನದ ಮಾತ್ರೆಯ ನಿದ್ದೆಯಲ್ಲಿದ್ದರು.

“ಮೊದಲು ಏನು ಮಾಡ್ತೀಯ?”

“ಮೇನ್ ಆಫ್ ಮಾಡ್ತೀನಿ.”

“ತಪ್ಪು. ಮೊದಲು ಟೆಸ್ಟರ್ ಸರಿಯಾಗಿದೆಯಾ ನೋಡ್ತೀಯ. ಹಜಾರದ ಪ್ಲಗ್ಗಿಗೆ ಇಡು. ಒಳಗಿನ ದೀಪ ಉರೀತಾ? ಈಗ ಹೋಗಿ ಆಫ್ ಮಾಡು. ಕೆಟ್ಟ ಟೆಸ್ಟರ್ ನಂಬಿ ಕರೆಂಟಿಲ್ಲ ಅಂದ್ಕೊಂಡ ಇಬ್ಬರಿಗೆ ನಾನು ಹೆಗಲು ಕೊಟ್ಟಿದ್ದೀನಿ.”

ಆಫ್ ಮಾಡಿ ಬಂದಳು. ಫ್ಯೂಸ್ ಎಲ್ಲಿ ಎಂದರು. ಬೋರ್ಡಿನಲ್ಲೇ ಇದೆ ಎಂದಳು. ಕಿತ್ತು ಜೇಬಿಗೆ ಹಾಕಿಕೊಂಡು ಬಾ, ನೀನು ಆಫ್ ಮಾಡಿದ್ದನ್ನು ಯಾರೋ ಪುಣ್ಯಾತ್ಮ ಬಂದು ಆನ್ ಮಾಡ್ತಾನೆ, ಫ್ಯೂಸ್ ನಿನ್ನ ಜೇಬಲ್ಲಿದ್ದರೆ ಜೀವ ನಿನ್ನ ಹತ್ತಿರ ಇರುತ್ತೆ ಎಂದರು. ಅದನ್ನೂ ಮಾಡಿ, ಕೆಟ್ಟ ಸಾಕೆಟ್ಟಿನ ಒಂದೊಂದು ತೂತಿಗೂ ಟೆಸ್ಟರ್ ಇಟ್ಟು ನೋಡಿದಳು. ಉರಿಯಲಿಲ್ಲ. ಸ್ಕ್ರೂ ಬಿಚ್ಚಿ ಸಾಕೆಟ್ಟನ್ನು ಮೆಲ್ಲಗೆ ಈಚೆ ಎಳೆದಳು. ಒಂದು ತಂತಿಯ ತುದಿ ಸುಟ್ಟ ಬತ್ತಿಯ ಹಾಗಿತ್ತು.

“ನೋಡು, ಸ್ಕ್ರೂ ಸಡಿಲ. ಅಷ್ಟೇ ಕತೆ. ಸಡಿಲ ಇರೋ ಕಡೆ ಬಿಸಿಯಾಗುತ್ತೆ, ಬಿಸಿಯಾದರೆ ಇನ್ನೂ ಸಡಿಲ ಆಗುತ್ತೆ. ಸುಟ್ಟಿದ್ದನ್ನು ಕತ್ತರಿಸು. ಇನ್ನೂ. ತಾಮ್ರ ಹೊಳೆಯೋವರೆಗೂ ಕತ್ತರಿಸು. ಈಗ ಉಗುರಿನಷ್ಟು ಸಿಪ್ಪೆ ತೆಗಿ. ಹೊಸಕು. ಎಳೆ ಒಂದೂ ಹೊರಗೆ ಇರಬಾರದು.”

ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಮಾವ ಅವಳ ಜೊತೆ ಇಷ್ಟು ಮೆತ್ತಗೆ ಮಾತಾಡಿದ್ದೇ ಇಲ್ಲ. ಅವಳ ಬೆರಳು ಸರಿಯಾಗಿ ತಿರುಗಿದಾಗ ಅವರ ಬೆರಳೂ ತೊಡೆಯ ಮೇಲೆ ತಿರುಗುತ್ತಿತ್ತು. ಸ್ಕ್ರೂ ಬಿಗಿ ಮಾಡಿ ತಂತಿ ಎಳೆದು ನೋಡು, ಬಂದರೆ ಮತ್ತೆ ಹಾಕು ಎಂದರು. ಎಳೆದಳು, ಬರಲಿಲ್ಲ. ಕೈ ಚೆನ್ನಾಗಿದೆ ನಿಂದು, ನಿನ್ನ ಗಂಡನಿಗೆ ಇದ್ದಿದ್ದರೆ ಎಂದು ಅರ್ಧಕ್ಕೆ ನಿಲ್ಲಿಸಿದರು. ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಎರಡೂ ತಂತಿ ಕೂರಿಸಿ, ಮೇಲಿನ ದೊಡ್ಡ ತೂತಿನ ಸ್ಕ್ರೂ ಸಡಿಲಿಸಿ, ಗೋಡೆಯೊಳಗೆ ಕೈಬೆರಳು ಹಾಕಿ ಹುಡುಕಿದಳು.

“ಮಾವ, ಇದರಲ್ಲಿ ಮೂರು ಸ್ಕ್ರೂ ಇದೆ. ಗೋಡೆಯಿಂದ ಎರಡೇ ತಂತಿ ಬಂದಿದೆ.”

ಮಾವ ಕೈಚೀಲದಲ್ಲಿ ಏನೋ ಹುಡುಕತೊಡಗಿದರು.

“ಮೇಲಿನದು ಯಾವುದಕ್ಕೆ?”

“ಅರ್ತ್‌ಗೆ. ಅದು ಹಾಗೇ ಇರಲಿ. ಮುಚ್ಚು.”

“ತಂತಿ ಇಲ್ವಾ?”

“ಅಡುಗೆಮನೆ ಆಮೇಲೆ ಕಟ್ಟಿಸಿದ್ದು. ಹಜಾರದವರೆಗೆ ಮೂರೂ ಇದೆ. ಇಲ್ಲಿಗೆ ಎಳೆಯುವಾಗ ಮೂರನೇದು ಸಾಲಲಿಲ್ಲ. ಆಮೇಲೆ ಎಳೆದರಾಯ್ತು ಅಂತ ಗೋಡೆ ಮುಚ್ಚಿಸಿದೆ. ಮೂವತ್ತು ವರ್ಷ ನಡೀತಲ್ಲ. ಮುಚ್ಚು ಅಂದೆ.”

ಅವಳು ಮುಚ್ಚಲಿಲ್ಲ. ಸ್ಕ್ರೂ ಡ್ರೈವರ್ ಕೈಯಲ್ಲೇ ಇತ್ತು. “ಅರ್ತ್ ಇಲ್ಲದಿದ್ದರೆ ಏನಾಗುತ್ತೆ ಮಾವ? ಫ್ರಿಜ್ಜಿನ ಮೈಯಲ್ಲಿ ಸ್ವಲ್ಪ ಕರೆಂಟ್ ಬಂದರೆ?”

“ಮಣ್ಣಿಗೆ ಹೋಗೋಕೆ ದಾರಿ ಇರಲ್ಲ.”

“ಮುಟ್ಟಿದವರ ಮೈಯಿಂದ ಹೋಗುತ್ತಾ?”

ಮಾವ ಕೈಚೀಲದ ಬಾಯಿ ಮುಚ್ಚಿದರು. ಒಳಗಡೆ ಅತ್ತೆಯ ಗೊರಕೆ ಸಣ್ಣಗೆ ಕೇಳುತ್ತಿತ್ತು.

ಸೊಸೆಗೆ ತನ್ನದೇ ಕೈ ನೆನಪಾಯಿತು. ಮದುವೆಯಾದ ಮೊದಲ ವರ್ಷ ಪಾತ್ರೆ ತೊಳೆದ ಒದ್ದೆ ಕೈಯಲ್ಲಿ ಫ್ರಿಜ್ಜಿನ ಹಿಡಿ ಮುಟ್ಟಿದ್ದಳು. ಮೊಣಕೈವರೆಗೆ ಜುಮ್ ಎಂದು ಎಳೆದಿತ್ತು. ಮಾರನೇ ದಿನವೂ ಎಳೆಯಿತು. ಅವತ್ತಿನಿಂದ ಅಡುಗೆಮನೆಗೆ ರಬ್ಬರ್ ಚಪ್ಪಲಿ ಹಾಕಿಕೊಂಡೇ ಹೋದಳು, ಫ್ರಿಜ್ಜನ್ನು ಒಣಬಟ್ಟೆ ಹಿಡಿದೇ ತೆಗೆದಳು. ಯಾರಿಗೂ ಹೇಳಲಿಲ್ಲ. ಹಾಗೆ ಹೇಳಿದ ಒಬ್ಬ ಹೆಂಗಸಿಗೆ ಆ ಮನೆಯಲ್ಲಿ ಆಗಲೇ ಮಾತ್ರೆ ನಡೆಯುತ್ತಿತ್ತು.

“ಅತ್ತೆ ಹೇಳಿದಾಗ ನೀವು ಮಷೀನಿನ ಮೈಗೆ ಟೆಸ್ಟರ್ ಇಟ್ಟು ನೋಡಿದ್ರಾ?”

ಮಾವ ಕರಗಿದ ಸಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. “ನೋಡಿದ್ದೆ,” ಎಂದರು.

“ಉರೀತಾ?”

“ಉರೀತು.” ಆಮೇಲೆ ಬೇಗಬೇಗ ಹೇಳಿದರು. ಆ ವರ್ಷವೇ ಅವರಿಗೆ ಸ್ವಂತ ಲೈಸೆನ್ಸ್ ಸಿಕ್ಕಿತ್ತು. ಸ್ವಂತ ಮನೆಯಲ್ಲೇ ಅರ್ತ್ ಇಲ್ಲ ಅಂತ ಸುದ್ದಿಯಾದರೆ ಯಾರು ಕೆಲಸ ಕೊಡುತ್ತಾರೆ? ಗೋಡೆ ಒಡೆದರೆ ನೆರೆಯವರು ಯಾಕೆ ಅಂತ ಕೇಳುತ್ತಾರೆ. ಸದ್ದಿಲ್ಲದೆ ಒಂದು ದಿನ ಎಳೆದುಬಿಡಬೇಕು ಅಂತಲೇ ಇದ್ದರು. “ಅಷ್ಟರಲ್ಲಿ ಮಾತ್ರೆಯಿಂದ ಅವಳೂ ಸುಮ್ಮನಾದಳು,” ಎಂದರು. “ಅವಳಿಗೆ ಹೇಳಬೇಡ. ಈ ವಯಸ್ಸಲ್ಲಿ ಗೊತ್ತಾಗಿ ಏನಾಗಬೇಕಾಗಿದೆ?”

ಸೊಸೆ ಕೂರಿಸಿದ್ದ ಎರಡೂ ತಂತಿಗಳನ್ನು ಮತ್ತೆ ಬಿಚ್ಚಿದಳು. ಒಂದೊಂದರ ತುದಿಗೂ ಬೇರೆ ಬೇರೆಯಾಗಿ ಟೇಪ್ ಸುತ್ತಿ ಗೋಡೆಯೊಳಗೆ ತುರುಕಿದಳು. ಆ ಸಾಲಿನ ಫ್ಯೂಸನ್ನು ಬೋರ್ಡಿಗೆ ವಾಪಸ್ ಹಾಕಲಿಲ್ಲ. ಮಾವ ನೋಡುತ್ತಾ ಕೂತಿದ್ದರು, ಬೇಡ ಅನ್ನಲಿಲ್ಲ.

ಅವತ್ತು ಅತ್ತೆ ಎದ್ದು ಬಂದಾಗ ಸೊಸೆ ಚಹಾ ಕೊಟ್ಟಳು. ಹೇಳಬೇಕೆಂದು ಬಾಯಿವರೆಗೆ ಬಂದಿತ್ತು. ಸಕ್ಕರೆ ಸಾಕಾ ಎಂದು ಕೇಳಿದಳು.

ಗಂಡನಿಗೆ ಹೇಳಿದಳು. ಅವನು ಮೊದಲು ನಂಬಲಿಲ್ಲ, ಆಮೇಲೆ ತಲೆಗೆ ಕೈ ಹೊತ್ತು ಕೂತ. ಎದ್ದವನು ಹೇಳಿದ್ದೂ ಅಪ್ಪನ ಮಾತನ್ನೇ. “ಈಗ ಕೆದಕಿ ಏನು ಸಿಗುತ್ತೆ? ಅಪ್ಪನಿಗೆ ಎಪ್ಪತ್ತನಾಲ್ಕು. ಒಬ್ಬ ಒಳ್ಳೆ ವೈರ್‌ಮನ್ ಕರೆಸಿ ಅರ್ತ್ ಎಳೆಸಿಬಿಡೋಣ. ಅಮ್ಮನಿಗೂ ಇನ್ನು ಮುಂದೆ ಜುಮ್ ಅನ್ನಲ್ಲ. ಮುಗೀತಲ್ಲ.”

“ಮುಗೀತಾ?” ಎಂದಳು ಅವಳು. ಆದರೂ ಸುಮ್ಮನಾದಳು. ಆ ಸುಮ್ಮನಿರುವಿಕೆ ಅವಳಿಗೆ ಹೊಸದೇನಾಗಿರಲಿಲ್ಲ.

ವೈರ್‌ಮನ್ ಶನಿವಾರ ಬಂದ. ಮೂವತ್ತೈದರ ಆಸುಪಾಸಿನ, ಬಾಯಿ ತುಂಬ ಮಾತಿನ ಮನುಷ್ಯ. ಮಾವ ಅವನು ಬರುವ ಮೊದಲೇ ಪಾರ್ಕಿಗೆ ಹೋಗಿಬಿಟ್ಟಿದ್ದರು. ಮಗ ಅಂಗಡಿಯಲ್ಲಿದ್ದ. ಸುಟ್ಟ ಪ್ಲಗ್ ಬದಲಿಸುವುದಕ್ಕೆ ಅಂತಲೇ ಅತ್ತೆಗೆ ಹೇಳಿತ್ತು. ವೈರ್‌ಮನ್ ಮೇನ್ ಆಫ್ ಮಾಡಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಗೋಡೆಯೊಳಗೆ ಇಣುಕಿದ. ಅತ್ತೆ ಹತ್ತಿರದಲ್ಲೇ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಅವನಿಗೆ ಯಾರೂ ಬಾಯಿ ಮುಚ್ಚಿಕೊಂಡಿರು ಅಂತ ಹೇಳಿರಲಿಲ್ಲ. ಹೇಳುವುದಾದರೂ ಏನೆಂದು?

“ಅಮ್ಮ, ಯಾರು ಮಾಡಿದ್ದು ಈ ವೈರಿಂಗು? ಅರ್ತೇ ಇಲ್ವಲ್ಲ. ಇಷ್ಟು ವರ್ಷ ಮೈ ಜುಮ್ ಅನ್ನಲಿಲ್ವಾ?”

ಅತ್ತೆಯ ಕೈ ನಿಂತಿತು. “ಯಾರ ಮೈ?”

“ಯಾರದ್ದಾದರೂ. ಫ್ರಿಜ್ಜು, ಇಸ್ತ್ರಿ ಪೆಟ್ಟಿಗೆ, ತಗಡಿನ ಮೈ ಇರೋದು ಏನೇ ಮುಟ್ಟಿದರೂ ಎಳೆದಿರಬೇಕು. ಕರೆಂಟಿಗೇನು ಮುಖ ನೋಡಿ ಹೊಡೆಯೋ ಅಭ್ಯಾಸವಾ?”

“ಹೊಲಿಗೆ ಮಷೀನು?”

“ಮೋಟರ್ ಇತ್ತಾ? ಹಾಗಾದರೆ ಅದೂ.”

ಅತ್ತೆ ಇನ್ನೊಂದು ಸಲ ಹೇಳಪ್ಪ ಎಂದರು. ಅವನು ಇನ್ನೊಂದು ಸಲ, ನಿಧಾನವಾಗಿ, ಕೈಯಲ್ಲಿ ತೋರಿಸಿ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡು ತಲೆ ಆಡಿಸಿದರು. ಆಮೇಲೆ ಉಳಿದ ಆಲೂಗಡ್ಡೆಗಳ ಸಿಪ್ಪೆಯನ್ನು ಒಂದೂ ಬಿಡದೆ ತೆಗೆದರು. ಸೊಸೆ ಒಲೆ ಒರೆಸುತ್ತಿದ್ದವಳು, ಒರೆಸಿದ ಜಾಗವನ್ನೇ ಒರೆಸುತ್ತಿದ್ದಳು. ವೈರ್‌ಮನ್ ಹಜಾರದ ಹಳೆಯ ಅರ್ತ್ ಒಲೆಗೆ ಸಾಲದು ಎಂದು ಹಿತ್ತಲಲ್ಲಿ ಗುಂಡಿ ತೋಡಿ ಕಬ್ಬಿಣದ ಕೊಳವೆ ಇಳಿಸಿದ, ಹಸಿರು ತಂತಿ ಎಳೆದ, ಹೊಸ ಸಾಕೆಟ್ ಹಾಕಿದ. ಎರಡು ದಿನದ ಕೆಲಸ. ಒಂದು ಗೋಡೆಯಲ್ಲಿ ಒಂದು ಗೀರು, ಅಷ್ಟೇ.

ಶನಿವಾರ ರಾತ್ರಿ ಅತ್ತೆ ಎಲ್ಲರಿಗೂ ಬಡಿಸಿದರು. ಮಾವನ ತಟ್ಟೆಗೂ ಬಡಿಸಿ, ಅವರ ಎದುರಿಗೆ ಕೂತರು.

“ನನ್ನನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋದ ದಿನ ನಿಮಗೆ ಇದು ಗೊತ್ತಿತ್ತಾ?”

ಮಾವ ಸೊಸೆಯ ಕಡೆ ನೋಡಿದರು. “ಅವನ್ಯಾರೋ ಬಂದು ಏನೋ ಒದರಿದ ಅಂತ—”

“ಗೊತ್ತಿತ್ತಾ?”

“ಇಲ್ಲ. ನೆನಪಿಗೆ ಬರಲಿಲ್ಲ.”

“ಬರಲಿಲ್ವೋ, ತಂದ್ಕೊಳ್ಳಲಿಲ್ವೋ?”

“ಅಮ್ಮ, ಊಟ ಮಾಡುವಾಗ ಬೇಡ,” ಎಂದ ಮಗ.

“ಯಾವಾಗ ಬೇಕು ಹೇಳು. ಹದಿನಾರು ವರ್ಷ ಕಾದಿದೀನಿ, ನಾಳೆವರೆಗೂ ಕಾಯ್ತೀನಿ.”

ಮಾವ ಚಮಚ ತಟ್ಟೆಗೆ ಬಿಟ್ಟರು. “ಈಗ ಏನಾಯ್ತು? ಸತ್ತು ಹೋಗಿಲ್ಲವಲ್ಲ ನೀನು.”

ಸೊಸೆಗೆ ಗೊತ್ತಿತ್ತು. ಆ ಮನೆಯಲ್ಲಿ ‘ಉರೀತು’ ಎಂಬ ಮಾತನ್ನು ಮಾವನ ಬಾಯಿಂದಲೇ ಕೇಳಿಸಿಕೊಂಡ ಕಿವಿ ಅವಳದೇ. ಅವಳು ನೀರಿನ ಜಗ್ ಎತ್ತಿಕೊಂಡು ತುಂಬಿಸಲು ಎದ್ದಳು. ಜಗ್ ತುಂಬಿಯೇ ಇತ್ತು.

ಮಾರನೇ ದಿನ ಅತ್ತೆ ಒಂದೇ ಒಂದು ಕೇಳಿದರು. ನೀವೇ ನನ್ನ ಅಕ್ಕನಿಗೆ, ತಮ್ಮನಿಗೆ ಫೋನ್ ಮಾಡಿ ಹೇಳಿ, ಅವಳು ಹೇಳಿದ್ದು ನಿಜ, ತಪ್ಪು ವೈರಿಂಗಿನದು ಅಂತ ಹೇಳಿ. ಮಾವ ಆಗಲ್ಲ ಎಂದರು. ಮಗ ನಡುವೆ ಬಂದು, ನಾನು ಯಾವಾಗಲಾದರೂ ಮಾತಿನ ಮಧ್ಯೆ ಹೇಳ್ತೀನಮ್ಮ ಎಂದ. ಮಾತಿನ ಮಧ್ಯೆ ಹೇಳಿದ್ದಲ್ಲಪ್ಪ ಆಗ, ಮನೆಮನೆಗೆ ಹೋಗಿ ಹೇಳಿದ್ದು ಎಂದರು ಅತ್ತೆ. ಅವತ್ತೇ ಮಾತ್ರೆಯ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದರು.

ಮೊದಲ ಎರಡು ದಿನ ಅವರ ಕಣ್ಣು ಚುರುಕಾಗಿತ್ತು. ಕಪಾಟು ತೆಗೆದು ಒಪ್ಪ ಮಾಡಿದರು. ಮಗನ ಅಂಗಿಯ ಗುಂಡಿ ಹಾಕಿಕೊಟ್ಟರು. ಮೂರನೇ ದಿನ ನಿದ್ದೆ ಹೋಯಿತು. ನಾಲ್ಕನೇ ದಿನ ಬೆವರು, ಕೈಕಾಲು ನಡುಕ, ಬಾಗಿಲು ಸದ್ದಾದರೆ ಬೆಚ್ಚುವುದು. ಐದನೇ ದಿನ ಚಹಾದ ಲೋಟ ಕೈಜಾರಿ ಬಿತ್ತು. ಮೈಯೆಲ್ಲ ಇರುವೆ ಹರಿದ ಹಾಗಾಗುತ್ತಿದೆ ಎಂದು ಗೋಡೆಗೆ ಒರಗಿ ಕೂತರು. ಮಾವ ಬಾಗಿಲಲ್ಲಿ ನಿಂತು ನೋಡಿದರು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ನೆಮ್ಮದಿ ಕಂಡಿತು.

“ನೋಡಿದ್ಯಾ? ಈಗ ಅರ್ತ್ ಇದೆಯಲ್ಲ. ಕಾಯಿಲೆ ಇತ್ತು ಅವಳಿಗೆ. ನಾನು ಹೇಳಿದ್ದು ಸುಳ್ಳಲ್ಲ.”

ಮಗ ತಾಯಿಯ ಮುಖ ನೋಡಿ, ಅಪ್ಪನ ಮುಖ ನೋಡಿ, ಇದ್ದರೂ ಇರಬಹುದು ಎಂದ.

ಸೊಸೆ ಅವತ್ತು ಪಾಳಿಗೆ ರಜೆ ಹಾಕಿ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹಳೆಯ ಡಾಕ್ಟರು ಬಿಟ್ಟು ಹೋಗಿ ವರ್ಷಗಳಾಗಿದ್ದವು. ಈಗಿನವರು ನಡುವಯಸ್ಸಿನ ಹೆಂಗಸು. ಚೀಟಿಗಳನ್ನೆಲ್ಲ ತಿರುವಿ ಹಾಕಿ, ಅತ್ತೆಯ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಯಾರೂ ನಡುವೆ ಬಾಯಿ ಹಾಕದೆ ಅತ್ತೆಯ ಮಾತು ಕೇಳಿದ್ದನ್ನು ಸೊಸೆ ನೋಡಿದ್ದು ಅದೇ ಮೊದಲು. ಡಾಕ್ಟರು ಹೇಳಿದರು, ಈ ನಡುಕ ಹಳೆಯ ಕಾಯಿಲೆ ಅಲ್ಲ, ಮಾತ್ರೆ ಒಮ್ಮೆಲೇ ಬಿಟ್ಟಿದ್ದಕ್ಕೆ ಬಂದದ್ದು. ಹದಿನಾರು ವರ್ಷ ತಗೊಂಡಿದ್ದನ್ನು ಮೈ ಒಂದೇ ದಿನಕ್ಕೆ ಬಿಡೋದಿಲ್ಲ. ಇವತ್ತಿನಿಂದ ಮತ್ತೆ ಶುರು ಮಾಡಬೇಕು. ತಿಂಗಳುಗಟ್ಟಲೆ ಚೂರು ಚೂರೇ ಇಳಿಸೋಣ. ಪೂರ್ತಿ ಬಿಡಿಸ್ತೀನಿ ಅಂತ ಈ ವಯಸ್ಸಿನಲ್ಲಿ ಮಾತು ಕೊಡಲಾರೆ.

“ಕಾಯಿಲೆ ಇಲ್ಲದವಳೂ ತಗೋಬೇಕಾ?” ಎಂದು ಅತ್ತೆ ಕೇಳಿದರು.

“ಈಗ ತಗೋಬೇಕಮ್ಮ,” ಎಂದರು ಡಾಕ್ಟರು.

ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕೂತರು. ಮಧ್ಯಾಹ್ನದ ಬಿಸಿಲು. ಸೊಸೆ ನೀರಿನ ಬಾಟಲಿ ತೆಗೆದು ಕೊಟ್ಟಳು. ಅತ್ತೆ ಮಾತ್ರೆ ಬಾಯಿಗೆ ಹಾಕಿಕೊಂಡು ನುಂಗಿದರು, ಬಾಯಿ ಒರೆಸಿಕೊಂಡರು. ಅದನ್ನು ನೋಡುತ್ತಾ ಸೊಸೆಗೆ ಇನ್ನು ತಡೆಯಲಾಗಲಿಲ್ಲ.

“ಅತ್ತೆ, ಮಾವನಿಗೆ ಗೊತ್ತಿತ್ತು. ಆಗಲೇ ಟೆಸ್ಟರ್ ಇಟ್ಟು ನೋಡಿದ್ದರಂತೆ. ಉರೀತಂತೆ. ನನ್ನ ಹತ್ತಿರ ಅವರೇ ಹೇಳಿದರು.”

ಅತ್ತೆ ಬೆಚ್ಚಲಿಲ್ಲ. ರಸ್ತೆಯ ಕಡೆಯೇ ನೋಡುತ್ತಿದ್ದರು. “ಅದು ಗೊತ್ತು ನನಗೆ. ಅವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನಿ. ನಾನು ಹೇಳಿದ್ದಕ್ಕೆ ಉತ್ತರ ಕೊಡದೆ ಮಾತ್ರೆ ತಗೊಂಡ್ಯಾ ಅಂತಾರಲ್ಲ, ಆಗಲೇ ಗೊತ್ತಾಗುತ್ತೆ.” ಆಮೇಲೆ ಅವಳ ಕಡೆ ತಿರುಗಿದರು. “ನೀನು ಹೇಳು. ಹನ್ನೆರಡು ವರ್ಷ ಅದೇ ಅಡುಗೆಮನೇಲಿ ಇದ್ದೀಯ. ನಿನಗೆ ಯಾವತ್ತಾದರೂ ಜುಮ್ ಅಂದಿತ್ತಾ?”

ಸುಳ್ಳು ಹೇಳಲು ಅವಳಿಗೆ ಬಹಳ ಸುಲಭವಿತ್ತು. ಇಲ್ಲ ಅಂದಿದ್ದರೆ ಯಾರೂ ಕೇಳುವವರಿರಲಿಲ್ಲ.

“ಅಂದಿತ್ತು ಅತ್ತೆ. ಮೊದಲನೇ ವರ್ಷವೇ.”

“ಯಾಕೆ ಹೇಳಲಿಲ್ಲ?”

“ನನಗೂ ಮಾತ್ರೆ ಕೊಡಿಸ್ತಾರೇನೋ ಅಂತ ಹೆದರಿಕೆ.”

ಅತ್ತೆ ತಲೆ ಆಡಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿರುತ್ತಿತ್ತು ಎಂದು ಸೊಸೆಗೆ ಅನ್ನಿಸಿತು.

“ಒಂದು ಬಾಯಿ ಹೇಳಿದರೆ ಅದು ಹುಚ್ಚು,” ಎಂದರು ಅತ್ತೆ. “ಎರಡು ಬಾಯಿ ಹೇಳಿದ್ದರೆ ರಿಪೇರಿ ಆಗುತ್ತಿತ್ತು.”

ಬಸ್ ಬಂತು. ಅತ್ತೆ ಕಂಬಿ ಹಿಡಿದು ತಾವೇ ಹತ್ತಿದರು. ಹೆಚ್ಚು ಜನ ಇರಲಿಲ್ಲ. ಕಿಟಕಿಯ ಪಕ್ಕ ಇಬ್ಬರು ಕೂರುವ ಸೀಟಿನಲ್ಲಿ ಕೂತು, ಕೈಯಲ್ಲಿದ್ದ ಚೀಲವನ್ನು ಪಕ್ಕದ ಜಾಗದಲ್ಲಿ ಇಟ್ಟುಕೊಂಡು, ಹೊರಗೆ ನೋಡತೊಡಗಿದರು. ಸೊಸೆ ಟಿಕೆಟ್ ತೆಗೆದುಕೊಂಡು ಬಂದು ಸೀಟಿನ ಹತ್ತಿರ ನಿಂತಳು. ಅತ್ತೆ ಚೀಲ ತೆಗೆಯಲಿಲ್ಲ. ಮನೆ ಬರುವವರೆಗೂ ಅವಳು ನಿಂತೇ ಬಂದಳು.